ಬೆಕ್ಕು ಸಾಕಣೆ ಮತ್ತು ಆರೋಗ್ಯ, ಹೈದರಾಬಾದಿನಲ್ಲಿ

ಒಂದೇ ಮನೆಯಲ್ಲಿ ಎರಡು, ಮೂರು ಅಥವಾ ಹೆಚ್ಚು ಬೆಕ್ಕುಗಳನ್ನು ಸಾಕುವ ರೂಢಿ ತೆಲಂಗಾಣದ ರಾಜಧಾನಿ ಹೈದರಾಬಾದಿನಲ್ಲಿ ಹಳೆಯ ನಗರದ ಅಂಗಳದ ಮನೆಗಳಲ್ಲೂ ಗಚ್ಚಿಬೌಲಿ, ಕೊಂಡಾಪುರ, ಮಣಿಕೊಂಡದ ಬಹುಮಹಡಿ ಫ್ಲಾಟುಗಳಲ್ಲೂ ಇದೆ. ಹಲವು ಬೆಕ್ಕುಗಳಿರುವ ಮನೆಯಲ್ಲಿ ಒಂದಕ್ಕೆ ತಗುಲಿದ ಸೋಂಕು ಬೇಗ ಉಳಿದವಕ್ಕೂ ಹರಡುತ್ತದೆ. ಯಾವುದು ಊಟ ಬಿಟ್ಟಿದೆ, ಯಾವುದಕ್ಕೆ ಮೂತ್ರ ಕಟ್ಟಿದೆ ಎಂಬುದು ಮಾತ್ರ ಗುಂಪಿನ ನಡುವೆ ಮರೆಯಾಗಿಬಿಡುತ್ತದೆ. ಹೀಗಾಗಿ ಸೋಂಕು ತಡೆಯುವಾಗ ಇಡೀ ಗುಂಪನ್ನು ಒಂದಾಗಿ, ಆರೈಕೆ ಮಾಡುವಾಗ ಪ್ರತಿಯೊಂದನ್ನೂ ಬೇರೆಯಾಗಿ ನೋಡುವುದು ಇಂಥ ಸಾಕಣೆಯ ಮೂಲ ನಿಯಮ.

ಹಿನ್ನೆಲೆ

ಮನೆಬೆಕ್ಕಿನ ವೈಜ್ಞಾನಿಕ ಹೆಸರು ಫೆಲಿಸ್ ಕ್ಯಾಟಸ್. ಇದರ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು ಫೆಲಿಸ್ ಲಿಬಿಕಾ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಸುಮಾರು 9,500 ವರ್ಷ ಹಿಂದಿನ ಬೆಕ್ಕಿನ ಅಸ್ಥಿ ಸಿಕ್ಕಿರುವುದು ಈ ಒಡನಾಟ ಎಷ್ಟು ಹಳೆಯದೆಂಬುದನ್ನು ತೋರಿಸುತ್ತದೆ.

ಹೈದರಾಬಾದಿನಲ್ಲಿ ಬೆಕ್ಕನ್ನು ಕುರಿತ ಭಾವನೆಗಳು ಒಂದೇ ಬಗೆಯವಲ್ಲ. ಇಸ್ಲಾಂ ಸಂಪ್ರದಾಯದಲ್ಲಿ ಬೆಕ್ಕು ಅಶುದ್ಧ ಪ್ರಾಣಿಯಲ್ಲ, ಮನೆಯೊಳಗೆ ಅದರ ಓಡಾಟಕ್ಕೆ ಅಡ್ಡಿಯಿಲ್ಲ. ಇನ್ನೊಂದೆಡೆ, ಬೆಕ್ಕು ಅಡ್ಡ ಹೋದರೆ ಅಪಶಕುನವೆಂಬ ನಂಬಿಕೆ ತೆಲುಗರಲ್ಲೂ ಕನ್ನಡಿಗರಲ್ಲೂ ಇದೆ. ಇದಕ್ಕೆ ತದ್ವಿರುದ್ಧವಾಗಿ ಮಂಡ್ಯ ಜಿಲ್ಲೆಯ ಬೆಕ್ಕಳಲೆ ಗ್ರಾಮದಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ನಂಟಿನಿಂದ ಕಾಚಿಗುಡ ಮೊದಲಾದ ಕಡೆ ನೆಲೆನಿಂತ ಕನ್ನಡ ಕುಟುಂಬಗಳೂ ನಗರದ ಈ ಮಿಶ್ರ ರೂಢಿಯ ಭಾಗವಾಗಿವೆ.

ಸಾಕುವ ಬೆಕ್ಕುಗಳಲ್ಲಿ ಬೀದಿಯಿಂದ ಬಂದು ಸೇರಿಕೊಂಡ ನಾಡತಳಿಯವು ಹೆಚ್ಚು. ಕೊಂಡು ತರುವವುಗಳಲ್ಲಿ ಪರ್ಷಿಯನ್ ತಳಿಗೆ ಬೇಡಿಕೆ. ಇವುಗಳ ಚಪ್ಪಟೆ ಮುಖದಿಂದ ಉಸಿರಾಟ ಸರಾಗವಲ್ಲ, ಕಣ್ಣೀರು ಸುರಿಯುತ್ತಿರುತ್ತದೆ. ಉದ್ದ ಕೂದಲು ದಿನವೂ ಬಾಚದಿದ್ದರೆ ಗಂಟುಕಟ್ಟುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ಆನುವಂಶಿಕ ಕಾಯಿಲೆಯೂ ಈ ತಳಿಯಲ್ಲಿದೆ.

ಸ್ವಭಾವ ಮತ್ತು ಮನೆಯ ಏರ್ಪಾಡು

ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ನಾಯಿಗಳಂತೆ ಗುಂಪು ಕಟ್ಟಿ ಬೇಟೆಗೆ ಹೋಗುವುದಿಲ್ಲ. ಜಗಳವಾದರೆ ರಾಜಿಯಾಗುವ ಸಂಜ್ಞೆಗಳೂ ಅದರಲ್ಲಿ ಕಡಿಮೆ. ಒಡಹುಟ್ಟಿದವು ಅಥವಾ ತಾಯಿ-ಮಕ್ಕಳು ಸಲೀಸಾಗಿ ಕೂಡಿ ಬಾಳುತ್ತವೆ. ಅಪರಿಚಿತ ಬೆಕ್ಕುಗಳು ಒಂದನ್ನೊಂದು ದೂರವಿಡುವುದರಿಂದಲೇ ಶಾಂತಿ ಕಾಯ್ದುಕೊಳ್ಳುತ್ತವೆ. ಜಾಗ ಇಕ್ಕಟ್ಟಾದರೆ ಈ ದೂರ ಉಳಿಯುವುದಿಲ್ಲ. ಬಾಗಿಲಿಗೆ ಅಡ್ಡಲಾಗಿ ಕೂತು ದಾರಿ ಕಟ್ಟುವುದು, ದಿಟ್ಟಿಸುವುದು, ಗೋಡೆಗೆ ಮೂತ್ರ ಸಿಂಪಡಿಸುವುದು ಬಿಕ್ಕಟ್ಟಿನ ಸೂಚನೆಗಳು. ಕಚ್ಚಾಟವಿಲ್ಲ ಎಂದಮಾತ್ರಕ್ಕೆ ಹೊಂದಾಣಿಕೆ ಇದೆ ಎನ್ನುವಂತಿಲ್ಲ.

ಪರಿಹಾರವಿರುವುದು ಸೌಕರ್ಯಗಳನ್ನು ಹಂಚುವುದರಲ್ಲಿ. ಊಟದ ತಟ್ಟೆ, ನೀರಿನ ಬಟ್ಟಲು, ಮಲಗುವ ಜಾಗಗಳು ಮನೆಯ ಬೇರೆ ಬೇರೆ ಮೂಲೆಗಳಲ್ಲಿರಬೇಕು. ಮರಳಿನ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು, ಅಂದರೆ ಮೂರು ಬೆಕ್ಕಿಗೆ ನಾಲ್ಕು ಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ನಾಲ್ಕನ್ನೂ ಒಂದೇ ಸ್ನಾನದ ಮನೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕಕ್ಕೆ ಅದು ಒಂದೇ. ನೆಲ ಸಾಲದ ಫ್ಲಾಟಿನಲ್ಲಿ ಗೋಡೆಯ ಹಲಗೆ, ಬೀರುವಿನ ನೆತ್ತಿಗಳು ಎತ್ತರದ ಜಾಗವನ್ನು ಒದಗಿಸುತ್ತವೆ.

ಬಾಲ್ಕನಿಗೆ ಕಾವಲು ಬೇಕೇ ಬೇಕು. ಪಾರಿವಾಳಗಳ ಕಾಟಕ್ಕೆಂದು ನಗರದ ಫ್ಲಾಟುಗಳಲ್ಲಿ ಕಟ್ಟುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು, ಉಕ್ಕಿನ ಜಾಲರಿ ಹೆಚ್ಚು ಸುರಕ್ಷಿತ. ಎತ್ತರದಿಂದ ಬಿದ್ದ 132 ಬೆಕ್ಕುಗಳನ್ನು ಕುರಿತು ನ್ಯೂಯಾರ್ಕಿನಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 90ರಷ್ಟು ಬದುಕುಳಿದಿದ್ದವು. ಆದರೆ ಅದು ಆಸ್ಪತ್ರೆಗೆ ಬಂದವುಗಳ ಲೆಕ್ಕ, ಬಿದ್ದಲ್ಲೇ ಸತ್ತವು ಅದರಲ್ಲಿಲ್ಲ. ಬದುಕಿದವುಗಳಲ್ಲೂ ಎದೆಗೂಡಿನ ಪೆಟ್ಟು, ದವಡೆ ಮತ್ತು ಕಾಲುಗಳ ಮುರಿತ ಸಾಮಾನ್ಯವಾಗಿದ್ದವು.

ಹೊಸ ಬೆಕ್ಕನ್ನು ಸೇರಿಸುವುದು

ಹೊರಗಿನಿಂದ ತಂದ ಬೆಕ್ಕನ್ನು ಎರಡು ವಾರ ಪ್ರತ್ಯೇಕ ಕೋಣೆಯಲ್ಲಿ, ಅದರದೇ ತಟ್ಟೆ ಬಟ್ಟಲುಗಳೊಡನೆ ಇರಿಸಬೇಕು. ಹಲವು ಸೋಂಕುಗಳು ಈ ಅವಧಿಯೊಳಗೆ ಹೊರಬೀಳುತ್ತವೆ. ಹುಳುವಿನ ಔಷಧ, ಚಿಗಟದ ಚಿಕಿತ್ಸೆ, ಬೆಕ್ಕಿನ ಲ್ಯುಕೀಮಿಯಾ ಮತ್ತು ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಾಣುಗಳ ರಕ್ತಪರೀಕ್ಷೆ ಆಗಲೇ ಮುಗಿಯಬೇಕು. ಇದೇ ಅವಧಿಯಲ್ಲಿ ಹಾಸುಬಟ್ಟೆಗಳನ್ನು ಅದಲುಬದಲು ಮಾಡಿ ವಾಸನೆ ಪರಿಚಯಿಸಬೇಕು. ಬಳಿಕ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟ ಹಾಕಿ, ಆಮೇಲಷ್ಟೆ ಮುಖಾಮುಖಿಗೆ ಬಿಡುವುದು ಕ್ರಮ.

ಆಹಾರ

ಬೆಕ್ಕು ಕಡ್ಡಾಯ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಕೊರತೆಯಾದರೆ ದೃಷ್ಟಿಪಟಲ ನಶಿಸುತ್ತದೆ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ. ಮೊದಲ ತೊಂದರೆ 1975ರಲ್ಲಿ, ಎರಡನೆಯದು 1987ರಲ್ಲಿ ವೈಜ್ಞಾನಿಕವಾಗಿ ಗುರುತಾಯಿತು. ಆದ್ದರಿಂದ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನದ ಮೇಲೆಯೇ ಬೆಳೆಸುವ ಪದ್ಧತಿ ಬೆಕ್ಕಿಗೆ ಹೊಂದದು. ಸಿದ್ಧ ಸಮತೋಲಿತ ಆಹಾರ ಅಂಥವರಿಗೆ ಸುಲಭದ ದಾರಿ.

ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟು ಹಾಲೆಂದರೆ ಓಡುವಂತೆ ಮಾಡಿದ ಕಥೆ ಕನ್ನಡ, ತೆಲುಗು ಎರಡರಲ್ಲೂ ಪ್ರಸಿದ್ಧ. ವಾಸ್ತವದಲ್ಲಿ ಹಾಲು ಬಿಟ್ಟರೆ ಬೆಕ್ಕಿಗೆ ನಷ್ಟವೇನಿಲ್ಲ. ಬೆಳೆದ ಬಹುತೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ.

ಕೋಳಿ ಅಂಗಡಿಯಿಂದ ತರುವ ಕತ್ತು, ಈಲಿ, ಚೂರುಗಳು ಅಗ್ಗದ ಆಹಾರ. ಇವನ್ನು ಹಸಿಯಾಗಿ ಹಾಕಬಾರದು, ಹಕ್ಕಿಜ್ವರದಂಥ ಸೋಂಕು ತಗುಲಬಹುದು. ಮಧ್ಯಪ್ರದೇಶದ ಛಿಂದ್ವಾರದಲ್ಲಿ 2025ರ ಆರಂಭದಲ್ಲಿ ಸಾಕುಬೆಕ್ಕುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾಗಿತ್ತು. ಬೇಯಿಸಿದ ಮೇಲೆ ಮೂಳೆ ಚೂಪಾಗಿ ಸಿಡಿಯುವುದರಿಂದ ತೆಗೆದುಹಾಕಬೇಕು. ಈಲಿಯನ್ನೇ ದಿನವೂ ಕೊಟ್ಟರೆ ‘ಎ’ ಜೀವಸತ್ವ ಮಿತಿಮೀರಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ. ಬಿರಿಯಾನಿ, ಹಲೀಮ್‌ಗಳಲ್ಲಿರುವ ಈರುಳ್ಳಿ-ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ನಾಲ್ಕು ಕಿಲೊ ತೂಕದ ವಯಸ್ಕ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೊಕ್ಯಾಲರಿ ಸಾಕು. ಸದಾ ತುಂಬಿದ ಒಂದೇ ಬೋಗುಣಿ ಇಟ್ಟರೆ ಒಂದು ಕೊಬ್ಬುತ್ತದೆ, ಇನ್ನೊಂದು ಸೊರಗುತ್ತದೆ, ಯಾವುದು ಎಷ್ಟು ತಿಂದಿತೆಂದು ಯಾರಿಗೂ ತಿಳಿಯದು. ಎರಡು ಮೂರು ದಿನ ಊಟ ಬಿಟ್ಟ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗಬಹುದು. ಹೊತ್ತಿಗೆ ಸರಿಯಾಗಿ ಪ್ರತ್ಯೇಕವಾಗಿ ಬಡಿಸುವುದು, ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುವುದು ಹಲವು ಬೆಕ್ಕುಗಳ ಮನೆಯಲ್ಲಿ ರೋಗ ಪತ್ತೆಯ ಸರಳ ಉಪಾಯ.

ಹವಾಮಾನ ಮತ್ತು ಹಬ್ಬಗಳು

ಏಪ್ರಿಲ್, ಮೇ ತಿಂಗಳಲ್ಲಿ ನಗರದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆಕ್ಕಿನ ಸಹಜ ದೇಹೋಷ್ಣ ಸುಮಾರು 38ರಿಂದ 39.2 ಡಿಗ್ರಿ. ಬೆಕ್ಕು ಬಾಯ್ದೆರೆದು ಏದುವುದು ನಾಯಿಯಲ್ಲಿರುವಷ್ಟು ಸಹಜವಲ್ಲ, ಬೇಸಿಗೆಯಲ್ಲಿ ಅದು ಬಿಸಿಲಾಘಾತದ ಲಕ್ಷಣವಾಗಿರಬಹುದು. ಮೈಗೆ ಸಾಧಾರಣ ತಣ್ಣೀರು ಹಚ್ಚಿ ಗಾಳಿ ಹಾಕುತ್ತ ಆಸ್ಪತ್ರೆಗೆ ಒಯ್ಯಬೇಕು, ಮಂಜುಗಡ್ಡೆ ಸಲ್ಲದು. ಮಳೆಗಾಲದ ತೇವದಲ್ಲಿ ಚಿಗಟ ಮತ್ತು ಹುಳುಕಡ್ಡಿ ಹೆಚ್ಚುತ್ತವೆ.

ಸಂಕ್ರಾಂತಿಯ ಗಾಳಿಪಟದ ಮಾಂಜಾ ದಾರವನ್ನು ಬೆಕ್ಕು ಆಟವಾಡುತ್ತ ನುಂಗಿದರೆ ಕರುಳು ನೆರಿಗೆಗಟ್ಟಿ ಹರಿಯಬಹುದು. ಬಾಯಲ್ಲಿ ಅಥವಾ ಗುದದಲ್ಲಿ ದಾರ ಕಂಡರೆ ಎಳೆಯಕೂಡದು. ಬೋನಾಲು ಹಬ್ಬದ ಮೆರವಣಿಗೆಯ ಡೋಲಿಗೆ, ದೀಪಾವಳಿಯ ಪಟಾಕಿಗೆ ಬೆದರಿ ಓಡುವ ಬೆಕ್ಕುಗಳಿಗೆ ಒಳಕೋಣೆಯಲ್ಲಿ ಅಡಗುತಾಣವಿರಬೇಕು.

ಮುಖ್ಯ ರೋಗಗಳು ಮತ್ತು ಲಸಿಕೆ

ಮರಿಗಳನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಸೋಂಕುಗಳಲ್ಲಿ ಪ್ಯಾನ್‌ಲ್ಯುಕೊಪೀನಿಯಾ ಒಂದು. ವಾಂತಿ, ಭೇದಿ, ಬಿಳಿ ರಕ್ತಕಣಗಳ ಕುಸಿತ ಇದರ ಲಕ್ಷಣಗಳು. ಈ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಮನೆ ಒರೆಸುವ ಫಿನಾಯಿಲ್ ಇದನ್ನು ಖಚಿತವಾಗಿ ಕೊಲ್ಲುವುದಿಲ್ಲ, ಮೇಲಾಗಿ ಅದರ ಫೀನಾಲ್ ಬೆಕ್ಕಿಗೇ ವಿಷ. ನೀರು ಬೆರೆಸಿ ತೆಳುವಾಗಿಸಿದ ಬ್ಲೀಚಿನಿಂದ ಒರೆಸಿ, ನೆಲ ತೊಳೆದು ಒಣಗಿದ ಮೇಲೆ ಬೆಕ್ಕುಗಳನ್ನು ಬಿಡುವುದು ಸರಿಯಾದ ವಿಧಾನ. ಸೀನು, ಕಣ್ಣಿನ ಪಿಸರು, ಬಾಯಿಹುಣ್ಣಿಗೆ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳು ಕಾರಣ. ಹರ್ಪಿಸ್ ಒಮ್ಮೆ ತಗುಲಿದರೆ ದೇಹದಲ್ಲೇ ಅಡಗಿದ್ದು ಒತ್ತಡವಾದಾಗ ಮರುಕಳಿಸುತ್ತದೆ.

ಈ ಮೂರಕ್ಕೂ ಸೇರಿ ಒಂದೇ ಚುಚ್ಚುಮದ್ದಿದೆ. ಎಂಟು-ಒಂಬತ್ತು ವಾರಕ್ಕೆ ಆರಂಭಿಸಿ ಮೂರು-ನಾಲ್ಕು ವಾರಗಳ ಅಂತರದಲ್ಲಿ, ಹದಿನಾರು ವಾರದವರೆಗೆ ಮುಂದುವರಿಸುವುದು ಉತ್ತಮ. ರೇಬೀಸ್ ಲಸಿಕೆ ಹನ್ನೆರಡು ವಾರಕ್ಕೆ. ಮುಂದೆ ಭಾರತದಲ್ಲಿ ವರ್ಷಕ್ಕೊಮ್ಮೆ ಕೊಡುವ ರೂಢಿ. ಮನೆಯಿಂದ ಹೊರಬೀಳದ ಬೆಕ್ಕಿಗೂ ಇವು ಬೇಕು.

ಹಲವು ಬೆಕ್ಕುಗಳ ಮನೆಗಳಲ್ಲಿ ಮಲದ ಮೂಲಕ ಬೆಕ್ಕಿನ ಕೊರೊನಾ ವೈರಾಣು ಹರಡುವುದು ಸಾಮಾನ್ಯ. ಬಹುಪಾಲು ಬೆಕ್ಕುಗಳಿಗೆ ಏನೂ ಆಗದು. ಕೆಲವುಗಳಲ್ಲಿ ಮಾತ್ರ ಅದು ರೂಪಾಂತರಗೊಂಡು, ಹಲವೊಮ್ಮೆ ಹೊಟ್ಟೆಯಲ್ಲಿ ನೀರು ತುಂಬುವ ಎಫ್‌ಐಪಿ (ಫೆಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್) ರೋಗವಾಗುತ್ತದೆ. ಸಾವು ನಿಶ್ಚಿತವೆನ್ನಲಾಗುತ್ತಿದ್ದ ಈ ಕಾಯಿಲೆ ಜಿಎಸ್-441524 ಔಷಧದಿಂದ ಈಗ ಬಹಳಷ್ಟು ಬೆಕ್ಕುಗಳಲ್ಲಿ ಗುಣವಾಗುತ್ತಿದೆ.

ಗಂಡು ಬೆಕ್ಕು ಪದೇಪದೇ ಮರಳಿನ ತಟ್ಟೆಗೆ ಹೋಗಿ ತಿಣುಕಿದರೂ ಮೂತ್ರ ಬರದಿದ್ದರೆ ಅದು ತುರ್ತು ಸ್ಥಿತಿ. ಮೂತ್ರನಾಳ ಕಟ್ಟಿ ಒಂದೆರಡು ದಿನದೊಳಗೆ ಸಾವು ಸಂಭವಿಸಬಹುದು. ಬೆಕ್ಕುಗಳ ನಡುವಣ ಒತ್ತಡ ಮೂತ್ರಕೋಶದ ಉರಿಯೂತಕ್ಕೆ ಒಂದು ಮುಖ್ಯ ಕಾರಣವಾದ್ದರಿಂದ ಔಷಧದ ಜತೆ ಮನೆಯ ಏರ್ಪಾಡೂ ಬದಲಾಗಬೇಕಾಗುತ್ತದೆ.

ಮನುಷ್ಯರ ಔಷಧಗಳನ್ನು ಬೆಕ್ಕಿಗೆ ಕೊಡಬಾರದು. ಪ್ಯಾರಾಸಿಟಮಾಲನ್ನು ಒಡೆಯುವ ಶಕ್ತಿ ಅದರ ಯಕೃತ್ತಿಗಿಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ನಾಯಿಯ ಚಿಗಟಕ್ಕೆಂದು ಮಾರುವ ಪರ್ಮೆಥ್ರಿನ್ ದ್ರಾವಣ ಸೆಳವು ತರುತ್ತದೆ. ಹೂಗುಚ್ಛದ ನೈಜ ಲಿಲ್ಲಿಯ ಪರಾಗ ಕೂಡ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಸಂತಾನ ನಿಯಂತ್ರಣ

ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭಾವಧಿ ಸುಮಾರು 63ರಿಂದ 65 ದಿನ, ಸೂಲೊಂದಕ್ಕೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಹಗಲು ಹೆಚ್ಚಿರುವ ಋತುವನ್ನು ಅವಲಂಬಿಸಿದ ಬೆದೆ ಉಷ್ಣವಲಯದಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಮರುಕಳಿಸುವುದರಿಂದ ಒಂದು ಜೋಡಿ ಬೇಗ ಗುಂಪಾಗುತ್ತದೆ. ನಾಲ್ಕರಿಂದ ಆರು ತಿಂಗಳೊಳಗಿನ ಶಸ್ತ್ರಚಿಕಿತ್ಸೆ ಮರಿಗಳ ಸಂಖ್ಯೆಯನ್ನಷ್ಟೇ ಅಲ್ಲ, ಗರ್ಭಕೋಶದ ಕೀವು, ಸ್ತನಗಡ್ಡೆ, ಗಂಡುಗಳ ಕಾಳಗ ಮತ್ತು ಮೂತ್ರ ಸಿಂಪಡಿಕೆಯನ್ನೂ ತಗ್ಗಿಸುತ್ತದೆ.

ಮನುಷ್ಯರ ಆರೋಗ್ಯ

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು. ಚರ್ಮದೊಳಗೆ ಕೊಡುವ ರೇಬೀಸ್ ಚುಚ್ಚುಮದ್ದಿನ ಭಾರತದ ಕ್ರಮ 0, 3, 7 ಮತ್ತು 28ನೆಯ ದಿನಗಳದ್ದು. ನಗರದಲ್ಲಿ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಮತ್ತು ನಲ್ಲಕುಂಟದ ಫೀವರ್ ಆಸ್ಪತ್ರೆ ಇದಕ್ಕೆ ಹೆಸರಾಗಿವೆ.

ಟಾಕ್ಸೊಪ್ಲಾಸ್ಮಾ ಜೀವಿಯ ಕಾರಣದಿಂದ ಗರ್ಭಿಣಿಯಿರುವ ಮನೆಯಿಂದ ಬೆಕ್ಕನ್ನು ಓಡಿಸುವುದುಂಟು. ಅದರ ಅಗತ್ಯವಿಲ್ಲ. ಮಲದ ಮೂಲಕ ಹೊರಬಂದ ಅಂಡಕಗಳು ಸೋಂಕು ತರುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಬೇರೊಬ್ಬರು ಮರಳಿನ ತಟ್ಟೆ ಶುಚಿಮಾಡಿದರೆ, ಮಾಂಸವನ್ನು ಚೆನ್ನಾಗಿ ಬೇಯಿಸಿದರೆ ಅಪಾಯ ತೀರ ಕಡಿಮೆ. ಕೆಲವು ಸೋಂಕುಗಳು ಮನುಷ್ಯರಿಂದ ಬೆಕ್ಕಿನ ಕುಲಕ್ಕೂ ದಾಟಬಲ್ಲವು. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ನೆಹರೂ ಪ್ರಾಣಿಸಂಗ್ರಹಾಲಯದ ಎಂಟು ಏಷ್ಯಾ ಸಿಂಹಗಳಲ್ಲಿ ಕೋವಿಡ್ ವೈರಾಣು ಪತ್ತೆಯಾಗಿತ್ತು.

ಸಂಸ್ಥೆಗಳು ಮತ್ತು ಕಾನೂನು

ರಾಜೇಂದ್ರನಗರದಲ್ಲಿ ಪಿ.ವಿ. ನರಸಿಂಹರಾವ್ ತೆಲಂಗಾಣ ಪಶುವೈದ್ಯ ವಿಶ್ವವಿದ್ಯಾಲಯವಿದೆ. ನಾರಾಯಣಗುಡದಲ್ಲಿ ಸರ್ಕಾರಿ ಸೂಪರ್ ಸ್ಪೆಷಾಲಿಟಿ ಪಶು ಆಸ್ಪತ್ರೆ ಇದೆ. ಅಮಲಾ ಅಕ್ಕಿನೇನಿ 1992ರಲ್ಲಿ ಆರಂಭಿಸಿದ ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಗಾಯಗೊಂಡ, ಅನಾಥ ಪ್ರಾಣಿಗಳ ರಕ್ಷಣೆಯಲ್ಲಿ ತೊಡಗಿದೆ. 1982ರಲ್ಲಿ ಸ್ಥಾಪಿತವಾದ ಇಲ್ಲಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ಪ್ರಾಣಿಗಳಿಗೂ ಮನುಷ್ಯರಿಗೂ ರೇಬೀಸ್ ಲಸಿಕೆ ತಯಾರಿಸುತ್ತದೆ.

ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಒಂದು ಮನೆಗೆ ಎಷ್ಟು ಬೆಕ್ಕು ಎಂಬ ಮಿತಿಯನ್ನು 1960ರ ಕಾಯ್ದೆ ಹಾಕಿಲ್ಲ. ಪ್ರತಿ ಬೆಕ್ಕಿಗೂ ಲಸಿಕೆ, ಶಸ್ತ್ರಚಿಕಿತ್ಸೆ, ಪ್ರತ್ಯೇಕ ತಟ್ಟೆ, ಕಾಯಿಲೆ ಬಿದ್ದರೆ ಬೇರೆ ಕೋಣೆ ಒದಗಿಸಲು ಸಾಧ್ಯವಾಗುವಷ್ಟೇ ಆ ಮನೆಯ ಮಿತಿ.