ಹಡೆದವ್ವನ ಹೊಟ್ಟೆ

ಕುರೆಕುಪ್ಪದಲ್ಲಿ ಬಸ್ಸಿಗೆ ಕಾಯುವಾಗ ಕಿವಿಗೆ ಬಿದ್ದ ಮಾತು: "ತಾಯಿ ಅಷ್ಟು ಕೂಲಾಗಿದ್ರೆ ಆಟಿಸಂ ಬರ್ದೆ ಇನ್ನೇನ್ ಬರ್ತೈತಿ?" ಈ 'ಕೂಲ್' ಕಂಡರೆ ನನಗೆ ಮೊದಲೇ ಆಗದು. 'ತಣ್ಣಗೆ' ಅನ್ನುವುದಕ್ಕೆ ಏನು ರೋಗ ಬಂದಿತ್ತೋ!

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಉಕ್ಕಿನ ಕಾರ್ಖಾನೆಯ ಸೀಮೆಯಲ್ಲಿ ತಂಪೇ ವರ. ದಣಿದ ಮುದುಕಿಗೊಂದು ಚೊಂಬು ನೀರು ಕೊಡಿ, "ನಿನ್ನ ಹಡೆದವ್ವನ ಹೊಟ್ಟಿ ತಣ್ಣಗಿರಲಿ" ಅನ್ನುತ್ತಾಳೆ. ನೀರು ಕೊಟ್ಟವನು ನಾನು, ಹರಕೆ ನಮ್ಮವ್ವನಿಗೆ! ಬಾಯಾರಿದವಳ ಗಂಟಲು ತಂಪಾದರೆ ಎಲ್ಲೋ ಇರುವ ಇನ್ನೊಬ್ಬಳ ಹೊಟ್ಟೆಯೂ ತಂಪಾಗಬೇಕು ಎನ್ನುವ ಈ ಲೆಕ್ಕ ನನಗೆ ಬಲು ಇಷ್ಟ. ಆದರೆ ಸಿಟ್ಟು ಬಂದಾಗ ಅದೇ ಮುದುಕಿ "ಎಂಥಾ ಹೊಟ್ಟ್ಯಾಗ ಹುಟ್ಟಿದ್ಯೋ" ಅಂದಾಳು. ಜಮೆಯೂ ಖರ್ಚೂ ಹೆತ್ತವಳ ಖಾತೆಗೇ. ಅಪ್ಪನ ಹೊಟ್ಟೆಯ ಸುದ್ದಿಗೆ ಯಾರೂ ಹೋಗುವುದಿಲ್ಲ.

ತಂಪನ್ನೇ ಬೈಗುಳ ಮಾಡಲು ಹಿಮ ಬೀಳುವ ದೇಶವೇ ಬೇಕು ಎಂಬುದು ನನ್ನ ವಾದ. ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಕುರಿತು ಬರೆದು ಆಟಿಸಂ ಅನ್ನು ಜಗತ್ತಿಗೆ ತೋರಿಸಿದರು. ಹುಟ್ಟಿನಿಂದಲೇ ಬಂದದ್ದು ಎಂದರು. ಈ ಮಕ್ಕಳ ತಂದೆತಾಯಂದಿರಲ್ಲಿ ಅಕ್ಕರೆಯುಳ್ಳವರು ಕಡಿಮೆ ಎಂದೂ ಸೇರಿಸಿದರು. ಒಬ್ಬ ತಂದೆ ಮಗನ ಬಗ್ಗೆ 33 ಪುಟ ಟೈಪ್ ಮಾಡಿಸಿ ಕಳಿಸಿದ್ದ. ಅಷ್ಟು ವಿವರ ಬರೆದಿಟ್ಟದ್ದೂ ಗೀಳಿನ ಗುರುತಾಯಿತು! 1949ರ ಬರಹದಲ್ಲಂತೂ ಆ ಮಕ್ಕಳನ್ನು ಮಂಜು ಕರಗದ ಫ್ರಿಜ್ಜಿನಲ್ಲಿ ಇಟ್ಟಂತಿದೆ ಎಂದರು. ಮಾತು ತಂದೆ ತಾಯಿ ಇಬ್ಬರಿಗೂ ಅಂದದ್ದು. ಜನರ ಬಾಯಲ್ಲಿ ಉಳಿದದ್ದು 'ಫ್ರಿಜ್ ತಾಯಿ'.

1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್, ತಾನೇ ಅಂಥ ಮಗುವಿನ ತಂದೆ, ಇದು ಮಿದುಳಿಗೆ ಸಂಬಂಧಿಸಿದ್ದು ಎಂದು ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಕ್ಯಾನರರದೇ. ಆದರೂ 1967ರಲ್ಲಿ ಶಿಕಾಗೋದ ಬ್ರೂನೋ ಬೆಟಲ್‌ಹೈಮ್ ಮತ್ತೆ ಹೆತ್ತವರತ್ತಲೇ ಬೆರಳು ತೋರಿಸಿದರು, ಜನ ನಂಬಿದರು. 1969ರಲ್ಲಿ ಕ್ಯಾನರ್ ಹೆತ್ತವರ ಸಭೆಯೊಂದರಲ್ಲಿ ಅವರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನ ವಂಶವಾಹಿಯ ಪಾತ್ರವನ್ನು ತೋರಿಸಿತು.

ನಮ್ಮಲ್ಲಿ ತಾಯಿಯನ್ನು ದೂರಲು ಫ್ರಿಜ್ಜಿನ ಜಾಗಕ್ಕೆ ಗ್ರಹಣವಿತ್ತು, ಬಸುರಿ ತಿಂದ ಪಪ್ಪಾಯಿ ಇತ್ತು. ಈಗ ತಾಯಿಯ ಮೊಬೈಲು. ಅಪ್ಪನ ಕೈಯಲ್ಲೂ ಒಂದಿರುತ್ತದೆ, ಸಾಮಾನ್ಯವಾಗಿ ಅವಳದ್ದಕ್ಕಿಂತ ದೊಡ್ಡದು.