ಎರೆಸೀಮೆಯ ಹಾರದ ಹಕ್ಕಿ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಹೊಲಗಳಲ್ಲಿ ಸರ್ವೇಯರ್ ಆಗಿ ಸರಪಳಿ ಎಳೆಸಿದವನು ನಾನು. ನೌಕರಿ ಮುಗಿದರೂ ನಕಾಶೆ ಕಂಡರೆ ಗೆರೆ ಹೊಡೆಯುವ ಚಟ ಹೋಗಿಲ್ಲ. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣೆಗೊಂದು, ಆಂಧ್ರದ ಪ್ರಕಾಶಂ ಜಿಲ್ಲೆಗೊಂದು ಚುಕ್ಕಿಯಿಟ್ಟು ಸ್ಕೇಲು ಹಿಡಿದರೆ ಗೆರೆ ಬೀದರದ ಮಗ್ಗುಲಿಗೇ ಹಾಯುತ್ತದೆ. ಆಳಂದದವರಿಗೆ ಬೀದರ ಏನು ದೂರ?

ಆ ಎರಡೂ ಕಡೆ ಸಿಕ್ಕಿದ್ದು ಉಷ್ಟ್ರಪಕ್ಷಿಯ ತತ್ತಿಯ ಚಿಪ್ಪು. ಎಂಟಡಿ ಎತ್ತರದ, ಹಾರಲು ಬಾರದ ಈ ಹಕ್ಕಿಯನ್ನು ನಾವು ಆಫ್ರಿಕಾಕ್ಕೆ ಬರೆದುಕೊಟ್ಟು ಕೂತಿದ್ದೇವೆ. ದಖ್ಖನಿನ ಹುಲ್ಲುಗಾವಲಲ್ಲೂ ಅದು ಓಡಾಡಿಕೊಂಡಿತ್ತು. ಪಾಟಣೆಯಲ್ಲಿ 1970ರ ದಶಕದಲ್ಲಿ ಪುರಾತತ್ವಜ್ಞ ಎಸ್.ಎ. ಸಾಳಿ ಉತ್ಖನನ ಮಾಡಿದಾಗ ಸಿಕ್ಕ ಚೂರುಗಳಿಗೆ ಸುಮಾರು 25,000 ವರ್ಷ. ಒಂದರ ಮೇಲೆ ಆ ಕಾಲದ ಮನುಷ್ಯರು ಜಾಳಿಗೆಯ ಹಾಗೆ ಗೆರೆ ಗೀರಿದ್ದಾರೆ. ಚಿಪ್ಪಿನ ದಪ್ಪ ಸುಮಾರು ಎರಡು ಮಿಲಿಮೀಟರ್. ಹೆಚ್ಚು ಒತ್ತಿದರೆ ಒಡೆದೀತು, ಹಗುರಾದರೆ ಗೆರೆ ಮೂಡುವುದಿಲ್ಲ. ಕಲ್ಲಿನ ಮೊನೆಯಲ್ಲಿ ಅಷ್ಟು ಹತೋಟಿ! ಒಳ್ಳೆಯ ಪೆನ್ಸಿಲ್ ಕೊಟ್ಟರೂ ನಮ್ಮ ಎಷ್ಟೋ ಹುಡುಗರಿಗೆ ಅಷ್ಟು ನೆಟ್ಟಗೆ ಬಾಂದು ಗೆರೆ ಎಳೆಯಲಾಗುತ್ತಿರಲಿಲ್ಲ. ಚಿಪ್ಪಿಗೆ ತೂತು ಕೊರೆದು, ಅಂಚು ತಿಕ್ಕಿ ಮಣಿಯನ್ನೂ ಮಾಡಿಕೊಂಡಿದ್ದರು.

ಪ್ರಕಾಶಂ ಜಿಲ್ಲೆಯಲ್ಲಿ ಸಿಕ್ಕಿದ್ದು ಗೂಡೇ. ಸುಮಾರು 41,000 ವರ್ಷ ಹಳೆಯದೆಂದು 2024ರಲ್ಲಿ ಸುದ್ದಿಯಾಯಿತು. ಇನ್ನು, ನಮ್ಮವರು ದವಾಖಾನೆಗೆಂದು ಹೋಗುವ ಹೈದರಾಬಾದಿನಲ್ಲೇ ಇರುವ ಜೀವಕೋಶ ಸಂಶೋಧನೆಯ ಸಿಸಿಎಂಬಿ ಸಂಸ್ಥೆಯವರು ಹಳೆಯ ಚಿಪ್ಪುಗಳಿಂದ ಡಿಎನ್‌ಎ ತೆಗೆದು, ಇದು ಆಫ್ರಿಕಾದ ಹಕ್ಕಿಯ ಬಳಗವೇ ಎಂದು 2017ರಲ್ಲಿ ತೋರಿಸಿಕೊಟ್ಟರು.

ಆ ಬಳಗ ಇಲ್ಲಿಂದ ಅಳಿದುಹೋಯಿತು. ಬಯಲು ನೆಲದಲ್ಲಿ ತತ್ತಿ ಇಡುವ ಹಕ್ಕಿ ಅಳಿಯಲು ಮನುಷ್ಯನ ಹಸಿವು ಸಾಕು. ಒಂದು ತತ್ತಿ ಎಂದರೆ ಎರಡು ಡಜನ್ ಕೋಳಿ ತತ್ತಿ. ಹವೆ ಬದಲಾದದ್ದೂ ಸೇರಿರಬೇಕು.

ಹಾಗೆಯೇ ಬಯಲಲ್ಲಿ ತತ್ತಿ ಇಡುವ ಇನ್ನೊಂದು ದೊಡ್ಡ ಹಕ್ಕಿ ಎರೆಭೂತ. ಇದು ಹಾರಬಲ್ಲದು, ಆದರೆ ಗಂಡು 15 ಕಿಲೋವರೆಗೂ ತೂಗುತ್ತದೆ. ಸಾಮಾನ್ಯವಾಗಿ ಇಡುವುದು ಒಂದೇ ತತ್ತಿ. ನಮ್ಮ ಗಡಿಗೆ ಹತ್ತಿದ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ 1979ರಲ್ಲಿ ಅದಕ್ಕಾಗಿಯೇ ಅಭಯಾರಣ್ಯವಾಯಿತು. ಈಗ ದೇಶದಲ್ಲೆಲ್ಲ ಹುಡುಕಿದರೂ ಬಯಲಿನಲ್ಲಿ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಅದಕ್ಕೆ ಬೇಕಾದದ್ದು ಗಿಡಮರವಲ್ಲ, ತೆರೆದ ಹುಲ್ಲುನೆಲ. ಭೀಮೆಯ ದಂಡೆಗೆ ಕಬ್ಬು ಬಂತು, ಎರೆಹೊಲಕ್ಕೆ ತೊಗರಿ. ಮಿಕ್ಕ ಹುಲ್ಲುನೆಲ ನಮ್ಮ ದಫ್ತರಿನಲ್ಲಿ ಗಾಯರಾಣ ಎಂಬ ಗೋಮಾಳ, ಇಲ್ಲವೇ ಖರಾಬು. ಒತ್ತುವರಿ ಅಳೆಯಲು ಹೋದಲ್ಲೆಲ್ಲ ಊರವರು ದನದ ಮಾತೆತ್ತಿ ಜಗಳಾಡಿದ್ದಾರೆ, ಸ್ಮಶಾನದ ಮಾತೆತ್ತಿ ಜಗಳಾಡಿದ್ದಾರೆ. ಹಕ್ಕಿಯ ಮಾತೆತ್ತಿದವರನ್ನು ನಾನು ಕಾಣಲಿಲ್ಲ.