ಶಾಬ್ಲಿ: ಸಿಹಿಯಿಲ್ಲದ ಬಿಳಿ ವೈನ್‌ನ ರುಚಿ ಮತ್ತು ಊಟದ ಹೊಂದಾಣಿಕೆ

ಫ್ರಾನ್ಸ್‌ನ ಬರ್ಗಂಡಿ ಪ್ರಾಂತ್ಯದ ಉತ್ತರ ಭಾಗದಲ್ಲಿ, ಸೆರೆನ್ ನದಿಯ ದಂಡೆಯಲ್ಲಿರುವ ಪುಟ್ಟ ಪಟ್ಟಣ ಶಾಬ್ಲಿ. ಇದೇ ಹೆಸರಿನ ಬಿಳಿ ವೈನ್ ಶಾರ್ಡೊನೆ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ತಯಾರಾಗುತ್ತದೆ. 1938ರಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು.

ನೆಲ, ಹವೆ: ಇಲ್ಲಿನ ಸುಣ್ಣಮಿಶ್ರಿತ ಜೇಡಿಮಣ್ಣಿನಲ್ಲಿ ಸಿಂಪಿಗಳ ಪಳೆಯುಳಿಕೆಗಳಿವೆ. ತಂಪು ಹವೆಯಿಂದಾಗಿ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ. ಆದರೆ ಅದೇ ಹವೆ ಬೆಳೆಗಾರರ ಶತ್ರುವೂ ಹೌದು. ವಸಂತದ ಒಂದು ರಾತ್ರಿಯ ಹಿಮ ಎಳೆ ಚಿಗುರನ್ನು ಕರಕಲಾಗಿಸಿ ವರ್ಷದ ಫಸಲನ್ನೇ ಕಸಿಯಬಲ್ಲದು. 2021ರ ಏಪ್ರಿಲ್‌ನಲ್ಲಿ ಇಂಥದೇ ಹಿಮ ಭಾರಿ ಹಾನಿ ಮಾಡಿತು. ಅಂಥ ರಾತ್ರಿಗಳಲ್ಲಿ ಬೆಳೆಗಾರರು ತೋಟದುದ್ದಕ್ಕೂ ಮೇಣದ ದೀಪ ಉರಿಸುತ್ತಾರೆ. ಇಲ್ಲವೇ ಚಿಗುರಿಗೆ ನೀರು ಸಿಂಪಡಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಹೊರಬೀಳುವ ಶಾಖವೇ ಚಿಗುರನ್ನು ಕಾಯುತ್ತದೆ.

ರುಚಿ ನೋಡುವ ಬಗೆ: ಸುಮಾರು 10 ಡಿಗ್ರಿ ಸೆಲ್ಸಿಯಸ್ ತಂಪು ಸಾಕು, ಅತಿಯಾಗಿ ತಣಿದರೆ ಪರಿಮಳ ಅಡಗುತ್ತದೆ. ಬಣ್ಣ ಹಸಿರು ಛಾಯೆಯ ತಿಳಿ ಹೊನ್ನು. ನಿಂಬೆ, ಹಸಿರು ಸೇಬು, ಒದ್ದೆ ಕಲ್ಲಿನ ನೆನಪು ತರುವ ವಾಸನೆ. ನಾಲಿಗೆಯ ಅಂಚಿನಲ್ಲಿ ನೀರೂರಿದರೆ ಅದು ಹುಳಿಯ ಗುರುತು.

ಯಾವುದರೊಡನೆ?: ಹಸಿ ಸಿಂಪಿ, ಸುಟ್ಟ ಮೀನು, ಮೇಕೆ ಹಾಲಿನ ಚೀಸ್ ಇದಕ್ಕೆ ಒಪ್ಪುವ ಜೋಡಿ. ಹುರಿದ ಮೀನಿಗೆ ಹಿಂಡಿದ ನಿಂಬೆಯಂತೆ ಇದರ ಹುಳಿ ಜಿಡ್ಡನ್ನು ಕತ್ತರಿಸುತ್ತದೆ. ಖಾರ ಹೆಚ್ಚಿದ ಅಡುಗೆಯೊಡನೆ ಮದ್ಯಸಾರದ ಉರಿ ಏರುತ್ತದೆ. ಸಿಹಿತಿಂಡಿಯೊಡನೆ ವೈನ್ ಬರೀ ಹುಳಿಯೆನಿಸುತ್ತದೆ.